ವಿನಾಯಿತಿಗೂ ಒಂದು ಹೆಸರು ಬೇಕು

ಜಿಸಿಸಿ ಎಂಬ ಕಂಪೈಲರ್‌ನಲ್ಲಿ ತಯಾರಾದ ಬಹುಪಾಲು ಪ್ರೋಗ್ರಾಮುಗಳ ಹೊಟ್ಟೆಯೊಳಗೆ ಜಿಸಿಸಿಯದೇ ಒಂದು ಚೂರು ಸೇರಿಕೊಂಡಿರುತ್ತದೆ. ಪ್ರೋಗ್ರಾಮರ್ ಬರೆದ ಸಾಲುಗಳನ್ನು ಯಂತ್ರದ ಭಾಷೆಗೆ ಇಳಿಸುವುದು ಕಂಪೈಲರ್‌ನ ಕೆಲಸ. ಆದರೆ ದೊಡ್ಡ ಸಂಖ್ಯೆಗಳ ಭಾಗಾಕಾರದಂಥ ಕೆಲವು ಲೆಕ್ಕಗಳನ್ನು ಎಲ್ಲ ಪ್ರೊಸೆಸರ್‌ಗಳೂ ಒಂದೇ ಏಟಿಗೆ ಮಾಡಲಾರವು. ಅಂಥ ಕಡೆ ಕಂಪೈಲರ್ ತಾನು ಸಿದ್ಧವಾಗಿಟ್ಟುಕೊಂಡ ಪುಟ್ಟ ತುಣುಕುಗಳನ್ನು ತಂದು ಜೋಡಿಸುತ್ತದೆ. ಈ ತುಣುಕುಗಳ ಭಂಡಾರದ ಹೆಸರು ಲಿಬ್‌ಜಿಸಿಸಿ. ಜಿಸಿಸಿ ಇರುವುದು ಜಿಪಿಎಲ್ ಎಂಬ ಪರವಾನಗಿಯಡಿ. ನನ್ನ ಕೋಡನ್ನು ಸೇರಿಸಿಕೊಂಡು ಹೊಸ ಕೃತಿ ಮಾಡಿ ಹಂಚುವುದಾದರೆ ಆ ಇಡೀ ಕೃತಿಯನ್ನು ಇದೇ ಷರತ್ತಿನ ಮೇಲೆ, ಸೋರ್ಸ್ ಕೋಡ್ ಸಮೇತ ಹಂಚಬೇಕು ಎಂಬುದು ಜಿಪಿಎಲ್‌ನ ಜೀವಾಳ. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ಜಿಸಿಸಿ ಬಳಸಿದ ಪ್ರತಿ ಕಂಪನಿಯೂ ತನ್ನ ಸೋರ್ಸ್ ಕೋಡನ್ನು ಬಿಚ್ಚಿಡಬೇಕಾದೀತು. ಹಾಗೆ ಆಗಿಲ್ಲ, ಆಗುವುದೂ ಇಲ್ಲ. ಲಿಬ್‌ಜಿಸಿಸಿಯ ಕಡತಗಳ ತಲೆಯಲ್ಲಿ ಜಿಪಿಎಲ್ ಜೊತೆಗೆ ಇನ್ನೊಂದು ಮಾತೂ ಇದೆ: ಈ ತುಣುಕುಗಳು ನಿಮ್ಮ ಪ್ರೋಗ್ರಾಮಿನಲ್ಲಿ ಸೇರಿದ ಕಾರಣಕ್ಕೆ ನಿಮ್ಮ ಪ್ರೋಗ್ರಾಮು ಜಿಪಿಎಲ್‌ಗೆ ಒಳಪಡಬೇಕಾಗಿಲ್ಲ. ಇದನ್ನೇ ವಿನಾಯಿತಿ ಎನ್ನುತ್ತಾರೆ. ಬೇರೆ ಕೋಡಿನ ಜೊತೆ ಲಿಂಕ್ ಮಾಡುವುದಕ್ಕೆ ಸಂಬಂಧಿಸಿದ್ದರಿಂದ ಲಿಂಕಿಂಗ್ ವಿನಾಯಿತಿ ಎಂಬ ಹೆಸರೂ ಇದೆ.

ಜಗತ್ತಿನ ಎಷ್ಟೋ ಸಾಫ್ಟ್‌ವೇರ್ ಈ ಒಂದೆರಡು ವಾಕ್ಯಗಳ ಆಸರೆಯಲ್ಲಿ ನಿಂತಿದೆ. ಆದರೂ ಸಾಫ್ಟ್‌ವೇರ್ ಪೊಟ್ಟಣಗಳ ಮೇಲೆ ಪರವಾನಗಿಯ ಹೆಸರು ಬರೆಯುವಾಗ ಮೊದಲು ಬಿಟ್ಟುಹೋಗುವುದು ಇವೇ. ಫೆಡೋರಾ ಲಿನಕ್ಸ್‌ನಲ್ಲಿ ಜಿಸಿಸಿ ಪೊಟ್ಟಣದ ಪರವಾನಗಿ ಸಾಲಿನಲ್ಲಿ ಹಲವು ವರ್ಷ ‘ಜಿಪಿಎಲ್‌ವಿ3+ ವಿತ್ ಎಕ್ಸೆಪ್ಷನ್ಸ್’ ಎಂಬ ಮಾತಿತ್ತು. ವಿನಾಯಿತಿಗಳಿವೆ ಎಂದಷ್ಟೇ ಅದು ಹೇಳುತ್ತಿತ್ತು. ಯಾವ ವಿನಾಯಿತಿ, ಯಾರು ಕೊಟ್ಟದ್ದು, ಯಾವ ಕೆಲಸಕ್ಕೆ ಎಂಬುದಕ್ಕೆ ಅಲ್ಲಿ ಉತ್ತರವಿರಲಿಲ್ಲ. ಫೆಡೋರಾ ಕೊನೇಪಕ್ಷ ಅಷ್ಟನ್ನಾದರೂ ಹೇಳುತ್ತಿತ್ತು. ಅದನ್ನೂ ಹೇಳದೆ ಬರೀ ‘ಜಿಪಿಎಲ್’ ಎಂದು ಬರೆದು ಕೈತೊಳೆದುಕೊಂಡ ಪಟ್ಟಿಗಳು ಬೇಕಾದಷ್ಟಿವೆ. ವಿನಾಯಿತಿಯನ್ನು ಪರವಾನಗಿಯ ಅಡಿಟಿಪ್ಪಣಿಯಂತೆ ಕಾಣುವುದು ತಪ್ಪು, ಅದು ಪರವಾನಗಿಯ ಅರ್ಧ ಭಾಗ ಎಂಬುದು ನನ್ನ ವಾದ. ಅದಕ್ಕೆ ತನ್ನದೇ ಹೆಸರು ಬೇಕು, ಆ ಹೆಸರು ಮೂಲ ಪರವಾನಗಿಯ ಹೆಸರಿನ ಪಕ್ಕದಲ್ಲೇ ಇರಬೇಕು, ಸಾಧ್ಯವಿದ್ದಷ್ಟೂ ಪ್ರತಿ ಕಡತದ ಮೇಲೂ ಇರಬೇಕು.

ಹೀಗೆ ಹೇಳುವುದಕ್ಕೆ ಮೊದಲು ಜಿಪಿಎಲ್ ಕೆಲಸ ಮಾಡುವ ಬಗೆಯನ್ನು ತಿಳಿಯಬೇಕು. ರಿಚರ್ಡ್ ಸ್ಟಾಲ್ಮನ್ ಇದನ್ನು 1989ರಲ್ಲಿ ಹೊರತಂದರು. ಇಂದಿಗೂ ಬಳಕೆಯಲ್ಲಿರುವ ಎರಡನೇ ಆವೃತ್ತಿ 1991ರದ್ದು, ಮೂರನೆಯದು 2007ರದ್ದು. ಇದನ್ನು ಒಪ್ಪದವರು ಸಾಂಕ್ರಾಮಿಕ ರೋಗಕ್ಕೆ ಹೋಲಿಸಿದ್ದಾರೆ. ನನಗೆ ಅದು ಹಾಲಿಗೆ ಹಾಕುವ ಹೆಪ್ಪಿನಂತೆ ಕಾಣುತ್ತದೆ. ಒಂದು ಚಮಚ ಹೆಪ್ಪು ಬಿದ್ದರೆ ಪಾತ್ರೆಯ ಹಾಲೆಲ್ಲ ಮೊಸರಾಗುತ್ತದೆ, ಆ ಮೊಸರಿನಿಂದ ಇನ್ನೊಬ್ಬರ ಮನೆಯ ಹಾಲಿಗೂ ಹೆಪ್ಪು ಹಾಕಬಹುದು. ಯಾರೋ ಹಂಚಿಕೊಂಡ ಕೋಡನ್ನು ತೆಗೆದುಕೊಂಡವನು ತನ್ನ ಸರದಿ ಬಂದಾಗ ಹಂಚಿಕೊಳ್ಳದೆ ಉಳಿಯಬಾರದು ಎಂಬ ಆಶಯ ಇದರ ಹಿಂದಿದೆ, ಅದು ಒಳ್ಳೆಯ ಆಶಯ. ಪ್ರಶ್ನೆ ಏಳುವುದು ಹೆಪ್ಪು ಎಲ್ಲಿಯವರೆಗೆ ತಲುಪುತ್ತದೆ ಎಂಬಲ್ಲಿ. ಯಾವ ಪ್ರೋಗ್ರಾಮೂ ಪೂರ್ತಿ ಸ್ವಂತದ್ದಲ್ಲ. ದಿನಾಂಕ ಲೆಕ್ಕ ಹಾಕಲು ಒಂದು ಲೈಬ್ರರಿ, ಗುಪ್ತಲಿಪಿಗೆ ಇನ್ನೊಂದು, ಚಿತ್ರ ತೋರಿಸಲು ಮತ್ತೊಂದು ಎಂದು ಹತ್ತಾರು ಕಡೆಯ ಕೋಡನ್ನು ಹೊಲಿದು ಒಂದು ಮಾಡುತ್ತಾರೆ. ಈ ಹೊಲಿಗೆಯೇ ಲಿಂಕಿಂಗ್. ಲೈಬ್ರರಿಯೊಂದು ಜಿಪಿಎಲ್‌ನದಾಗಿದ್ದರೆ ಅದರೊಂದಿಗೆ ಹೊಲಿದ ಪ್ರೋಗ್ರಾಮೂ ಜಿಪಿಎಲ್ ಆಗಬೇಕು ಎಂಬುದು ಸ್ಟಾಲ್ಮನ್ ಕಟ್ಟಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ನಿನ ನಿಲುವು. ಕೆಲವು ಕಡೆ ಆ ನಿಲುವು ಹಿತಕರವಲ್ಲ ಎಂದು ಸಂಸ್ಥೆಗೇ ಅನ್ನಿಸಿದಾಗ ಎರಡು ದಾರಿಗಳು ತೆರೆದವು. ಲೈಬ್ರರಿಗಳಿಗಾಗಿಯೇ ಬರೆದ ಎಲ್‌ಜಿಪಿಎಲ್ ಎಂಬ ಸಡಿಲ ಪರವಾನಗಿ ಒಂದು. ಜಿಪಿಎಲ್ ಅನ್ನು ಹಾಗೆಯೇ ಉಳಿಸಿಕೊಂಡು ಅದರ ಜೊತೆ ವಿನಾಯಿತಿಯ ವಾಕ್ಯ ಸೇರಿಸುವುದು ಇನ್ನೊಂದು.

ಎರಡನೇ ದಾರಿ ಹಿಡಿದವರು ಬಹಳ ಮಂದಿ, ಅವರ ಕಾರಣಗಳೂ ಬೇರೆಬೇರೆ. ಭಾಷೆಯ ವ್ಯಾಕರಣ ಕೊಟ್ಟರೆ ಅದನ್ನು ಓದಬಲ್ಲ ಕೋಡನ್ನು ತಾನೇ ಬರೆದುಕೊಡುವ ಬೈಸನ್ ಎಂಬ ಸಾಧನವಿದೆ. ಹಾಗೆ ಬರೆದ ಕೋಡಿನಲ್ಲಿ ಬೈಸನ್ನಿನ ಸ್ವಂತ ಸಾಲುಗಳೂ ಬಂದುಬಿಡುತ್ತವೆ. 1.24ನೇ ಆವೃತ್ತಿಗೆ ಮೊದಲು ಅದರ ಉತ್ಪನ್ನವನ್ನು ಮುಕ್ತ ಸಾಫ್ಟ್‌ವೇರ್‌ನಲ್ಲಿ ಮಾತ್ರ ಬಳಸಬಹುದಿತ್ತು, ಆಮೇಲೆ ವಿನಾಯಿತಿ ಬಂತು. ಆ ವಿನಾಯಿತಿಯೂ 2.2ನೇ ಆವೃತ್ತಿ ಬರುವವರೆಗೆ ಸಿ ಭಾಷೆಯಲ್ಲಿ ತಯಾರಾಗುವ ಒಂದು ಬಗೆಯ ಉತ್ಪನ್ನಕ್ಕಷ್ಟೇ ಸೀಮಿತವಾಗಿತ್ತು. ಅಕ್ಷರ ವಿನ್ಯಾಸದ ಕಥೆ ಇನ್ನೂ ಸ್ವಾರಸ್ಯದ್ದು. ಜಿಪಿಎಲ್‌ನಡಿ ಇರುವ ಫಾಂಟ್ ಬಳಸಿ ಪುಸ್ತಕವೊಂದನ್ನು ಪಿಡಿಎಫ್ ಮಾಡಿದರೆ ಫಾಂಟಿನ ಅಕ್ಷರಗಳು ಆ ಕಡತದೊಳಗೇ ಹೋಗಿ ಕೂರುತ್ತವೆ. ಹಾಗಾದರೆ ಕಾದಂಬರಿಯೂ ಜಿಪಿಎಲ್ ಆಗಬೇಕೇ? ಈ ಭಯವನ್ನು ಕಳೆಯಲೆಂದೇ ಫಾಂಟ್ ವಿನಾಯಿತಿ ಹುಟ್ಟಿತು. ಫಾಂಟನ್ನು ದಾಖಲೆಯಲ್ಲಿ ಸೇರಿಸಿದ ಮಾತ್ರಕ್ಕೆ ಆ ದಾಖಲೆ ಜಿಪಿಎಲ್‌ಗೆ ಒಳಪಡುವುದಿಲ್ಲ ಎಂದು ಅದು ಹೇಳುತ್ತದೆ. ರೆಡ್ ಹ್ಯಾಟ್ 2007ರಲ್ಲಿ ಹೊರತಂದ ಲಿಬರೇಶನ್ ಫಾಂಟುಗಳು ಮೊದಲಿಗೆ ಬಂದದ್ದು ಇಂಥ ವಿನಾಯಿತಿಯೊಂದಿಗೆ. ಮೈಎಸ್‌ಕ್ಯುಎಲ್ ಡೇಟಾಬೇಸಿನ ಸಂಗತಿ ಮತ್ತೊಂದು ಬಗೆಯದು. ಅದರ ಕ್ಲೈಂಟ್ ಲೈಬ್ರರಿಗಳು ಎಲ್‌ಜಿಪಿಎಲ್‌ನಿಂದ ಜಿಪಿಎಲ್‌ಗೆ ಬದಲಾದಾಗ ಪಿಎಚ್‌ಪಿಯಂಥ ಮುಕ್ತ ಯೋಜನೆಗೇ ಅವು ದಕ್ಕದಂತಾದವು. ಪಿಎಚ್‌ಪಿಯ ಆಗಿನದೂ ಮುಕ್ತ ಪರವಾನಗಿಯೇ, ಆದರೆ ಜಿಪಿಎಲ್‌ಗೆ ಹೊಂದುವಂಥದ್ದಾಗಿರಲಿಲ್ಲ. ಆ ಇಕ್ಕಟ್ಟು ಬಿಡಿಸಲು 2004ರಲ್ಲಿ ಮುಕ್ತ ಯೋಜನೆಗಳಿಗೆಂದೇ ಒಂದು ವಿನಾಯಿತಿ ಬರೆಯಬೇಕಾಯಿತು.

ಜಾವಾದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ನನ್ನ ವಾದಕ್ಕೆ ಬಲವಾದ ಸಾಕ್ಷಿ ಅಲ್ಲಿದೆ. 2006ರ ನವೆಂಬರಿನಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ತನ್ನ ಜಾವಾವನ್ನು ಜಿಪಿಎಲ್ ಎರಡನೇ ಆವೃತ್ತಿಯಡಿ ಬಿಡುಗಡೆ ಮಾಡುವುದಾಗಿ ಪ್ರಕಟಿಸಿತು. ಜಾವಾದಲ್ಲಿ ಬರೆದ ಯಾವ ಪ್ರೋಗ್ರಾಮೂ ಜಾವಾದ ಕ್ಲಾಸ್ ಲೈಬ್ರರಿಯ ನೆರವಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರದು. ಆ ಲೈಬ್ರರಿಗೆ ಶುದ್ಧ ಜಿಪಿಎಲ್ ಹಚ್ಚಿದ್ದರೆ ಬ್ಯಾಂಕುಗಳಿಂದ ಹಿಡಿದು ರೈಲ್ವೆ ಟಿಕೆಟ್ಟಿನವರೆಗೆ ಜಾವಾ ನಂಬಿದವರೆಲ್ಲ ಗಾಬರಿಯಾಗುತ್ತಿದ್ದರು. ಆದ್ದರಿಂದ ಗ್ನೂ ಕ್ಲಾಸ್‌ಪಾತ್ ಎಂಬ ಹಿಂದಿನ ಮುಕ್ತ ಯೋಜನೆ ರೂಪಿಸಿದ್ದ ವಿನಾಯಿತಿಯನ್ನು ಸನ್ ಎರವಲು ಪಡೆಯಿತು. ಈ ಲೈಬ್ರರಿಯಿಂದ ಹುಟ್ಟಿರದ, ತಮ್ಮಷ್ಟಕ್ಕೆ ಸ್ವತಂತ್ರವಾದ ಭಾಗಗಳ ಜೊತೆ ಇದನ್ನು ಲಿಂಕ್ ಮಾಡಿ, ಫಲಿತಾಂಶವನ್ನು ನಿಮಗಿಷ್ಟವಾದ ಷರತ್ತಿನಲ್ಲಿ ಹಂಚಬಹುದು ಎಂಬುದು ಅದರ ತಿರುಳು. ಇಲ್ಲಿಯವರೆಗಿನದು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಮುಂದಿನದು. ಸನ್ ಹೀಗೆ ಬಿಟ್ಟುಕೊಟ್ಟ ಮುಕ್ತ ಜಾವಾದ ಹೆಸರು ಓಪನ್‌ಜೆಡಿಕೆ; ಈ ವಿನಾಯಿತಿ ಅದರ ಎಲ್ಲ ಕಡತಗಳಿಗೂ ಇಲ್ಲ. ಕ್ಲಾಸ್ ಲೈಬ್ರರಿಯ ಕಡತಗಳ ತಲೆಬರಹದಲ್ಲಿ, ಈ ನಿರ್ದಿಷ್ಟ ಕಡತಕ್ಕೆ ಕ್ಲಾಸ್‌ಪಾತ್ ವಿನಾಯಿತಿ ಅನ್ವಯಿಸುತ್ತದೆ ಎಂದು ಹಕ್ಕುದಾರರು ಬರೆದಿರುತ್ತಾರೆ. ಜಾವಾವನ್ನು ಓಡಿಸುವ ಎಂಜಿನ್ನಾದ ಹಾಟ್‌ಸ್ಪಾಟ್‌ನ ಕಡತಗಳಲ್ಲಿ ಆ ವಾಕ್ಯ ಇಲ್ಲ. ಅಲ್ಲಿರುವುದು ಬರೀ ಜಿಪಿಎಲ್. ಇಡೀ ಓಪನ್‌ಜೆಡಿಕೆ ಪೊಟ್ಟಣಕ್ಕೆ ‘ಜಿಪಿಎಲ್’ ಎಂಬ ಚೀಟಿ ಅಂಟಿಸಿದವನು ಕ್ಲಾಸ್ ಲೈಬ್ರರಿ ಬಳಸುವವರನ್ನು ವೃಥಾ ಹೆದರಿಸುತ್ತಾನೆ. ‘ಜಿಪಿಎಲ್, ವಿನಾಯಿತಿ ಸಹಿತ’ ಎಂದು ಬರೆದವನು ಹಾಟ್‌ಸ್ಪಾಟ್‌ನ ಕೋಡನ್ನು ತನ್ನ ಮುಚ್ಚಿದ ಉತ್ಪನ್ನಕ್ಕೆ ಎತ್ತಿಕೊಳ್ಳುವವನಿಗೆ ಸುಳ್ಳು ಧೈರ್ಯ ಕೊಡುತ್ತಾನೆ. ಎರಡರಲ್ಲಿ ಯಾವುದೂ ನಿಜದ ಚೀಟಿಯಲ್ಲ.

ವಿನಾಯಿತಿ ಎಂದರೆ ಬಾಗಿಲು ಪೂರಾ ತೆರೆದಂತೆ ಎಂಬ ಊಹೆಯೂ ಸರಿಯಲ್ಲ. ಮೊದಲು ಹೇಳಿದ ಜಿಸಿಸಿಯದನ್ನೇ ನೋಡಿ. ಈಗ ಬಳಕೆಯಲ್ಲಿರುವ ಅದರ ರನ್‌ಟೈಮ್ ಲೈಬ್ರರಿ ವಿನಾಯಿತಿಯ 3.1ನೇ ಆವೃತ್ತಿ ಹೊರಬಿದ್ದದ್ದು 2009ರ ಮಾರ್ಚ್ 31ರಂದು. ಆ ಹೊತ್ತಿಗೆ ಜಿಸಿಸಿಗೆ ಪ್ಲಗ್‌ಇನ್‌ಗಳನ್ನು ಜೋಡಿಸುವ ಸೌಲಭ್ಯ ಬರುವುದರಲ್ಲಿತ್ತು. ಯಾರಾದರೂ ತಮ್ಮ ಮುಚ್ಚಿದ ಪ್ಲಗ್‌ಇನ್ ಮೂಲಕ ಕಂಪೈಲರ್‌ನ ಒಳ ಹಂತಗಳನ್ನು ತಮ್ಮ ಕೈಗೆ ತೆಗೆದುಕೊಂಡು ಜಿಪಿಎಲ್‌ನ ಉದ್ದೇಶವನ್ನೇ ಬದಿಗೆ ಸರಿಸಿಯಾರು ಎಂಬ ಅಳುಕು ಇತ್ತು. ಆದ್ದರಿಂದ ವಿನಾಯಿತಿಗೇ ಒಂದು ಷರತ್ತು ಬಂತು. ಕಂಪೈಲ್ ಮಾಡುವ ಕ್ರಮದಲ್ಲಿ ಜಿಸಿಸಿಯ ಜೊತೆ ಜಿಪಿಎಲ್‌ಗೆ ಹೊಂದದ ಸಾಫ್ಟ್‌ವೇರ್ ಬೆರೆತಿರಬಾರದು. ಬೆರೆತಿದ್ದರೆ ಈ ಅನುಮತಿ ಸಿಗುವುದಿಲ್ಲ. ಕ್ಲಾಸ್‌ಪಾತ್ ವಿನಾಯಿತಿಯಲ್ಲಿ ಇಂಥ ಕಟ್ಟಳೆ ಇಲ್ಲ. ಎರಡಕ್ಕೂ ಒಂದೇ ‘ವಿತ್ ಎಕ್ಸೆಪ್ಷನ್ಸ್’ ಎಂಬ ಚೀಟಿ ಹಚ್ಚಿದರೆ, ಆ ಅಂತರವನ್ನು ಮುಂದಿನವನು ಎಲ್ಲಿಂದ ತಿಳಿಯಬೇಕು?

ಓಪನ್‌ಎಸ್‌ಎಸ್‌ಎಲ್‌ನ ಪ್ರಸಂಗ ಇದಕ್ಕಿಂತ ಸೂಕ್ಷ್ಮವಾದದ್ದು. ಅಂತರ್ಜಾಲದ ಸುರಕ್ಷಿತ ಸಂಪರ್ಕಕ್ಕೆ ಅಸಂಖ್ಯ ಪ್ರೋಗ್ರಾಮುಗಳು ಬಳಸುವ ಲೈಬ್ರರಿ ಅದು. ಜಾಹೀರಾತಿನಲ್ಲಿ ನಮ್ಮ ಹೆಸರು ಹೇಳಬೇಕು ಎಂಬ ಷರತ್ತು ಅದರ ಹಳೆಯ ಪರವಾನಗಿಯಲ್ಲಿತ್ತು. ಜಿಪಿಎಲ್ ತನ್ನ ಮೇಲೆ ಹೆಚ್ಚುವರಿ ಷರತ್ತು ಹೇರಲು ಬಿಡುವುದಿಲ್ಲವಾದ್ದರಿಂದ ಇವೆರಡೂ ಕೂಡುತ್ತಿರಲಿಲ್ಲ. ಹೀಗಾಗಿ ಜಿಪಿಎಲ್‌ನಡಿ ಇದ್ದ ಎಷ್ಟೋ ಪ್ರೋಗ್ರಾಮುಗಳ ಲೇಖಕರು, ಓಪನ್‌ಎಸ್‌ಎಸ್‌ಎಲ್ ಜೊತೆ ಲಿಂಕ್ ಮಾಡಲು ಅನುಮತಿ ಇದೆ ಎಂದು ತಮ್ಮತಮ್ಮ ಮಾತಿನಲ್ಲಿ ಬರೆದುಕೊಂಡರು. ‘ತಮ್ಮತಮ್ಮ ಮಾತಿನಲ್ಲಿ’ ಎಂಬುದನ್ನು ಒತ್ತಿ ಹೇಳುತ್ತಿದ್ದೇನೆ. ಕೆಲವರು ಬರೀ ಲೈಬ್ರರಿಯ ಹೆಸರು ಹೇಳಿದರು. ವೆಬ್‌ನಿಂದ ಕಡತ ಇಳಿಸಿಕೊಳ್ಳುವ ಡಬ್ಲ್ಯುಗೆಟ್‌ನ ವಿನಾಯಿತಿಯಲ್ಲಿ ಲೈಬ್ರರಿಯ ಹೆಸರಿನ ಜೊತೆ ಅದರ ಆಗಿನ ಪರವಾನಗಿಗಳ ಹೆಸರುಗಳೂ ಬಂದವು. 2021ರ ಸೆಪ್ಟೆಂಬರಿನಲ್ಲಿ ಓಪನ್‌ಎಸ್‌ಎಸ್‌ಎಲ್ 3.0 ಹೊರಬಂದಾಗ ಅದರ ಪರವಾನಗಿಯೇ ಬದಲಾಗಿ ಅಪಾಚೆ 2.0 ಆಯಿತು. ಈ ಅಪಾಚೆ ಪರವಾನಗಿ ಜಿಪಿಎಲ್ ಮೂರನೇ ಆವೃತ್ತಿಯೊಂದಿಗೆ ಹೊಂದುತ್ತದೆ, ಎರಡನೆಯದರೊಂದಿಗೆ ಹೊಂದುವುದಿಲ್ಲ ಎಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಹೇಳುತ್ತದೆ. ಡಬ್ಲ್ಯುಗೆಟ್ ಮೂರನೇ ಆವೃತ್ತಿಯಲ್ಲಿರುವುದರಿಂದ ಅದಕ್ಕೆ ತೊಂದರೆ ಇಲ್ಲ. ಎರಡನೇ ಆವೃತ್ತಿಗೆ ಮಾತ್ರ ಕಟ್ಟಿಕೊಂಡ, ಹಳೆಯ ಪರವಾನಗಿಯನ್ನು ಹೆಸರಿಸಿಯೇ ವಿನಾಯಿತಿ ಕೊಟ್ಟ ಪ್ರೋಗ್ರಾಮೊಂದಿದ್ದರೆ ಆ ವಿನಾಯಿತಿ ಹೊಸ ಓಪನ್‌ಎಸ್‌ಎಸ್‌ಎಲ್‌ಗೂ ಚಾಚುತ್ತದೆಯೇ ಎಂಬುದು ವಾಕ್ಯದ ಪದಪದವನ್ನೂ ಓದಿ ತೀರ್ಮಾನಿಸಬೇಕಾದ ಪ್ರಶ್ನೆ. ‘ಓಪನ್‌ಎಸ್‌ಎಸ್‌ಎಲ್ ವಿನಾಯಿತಿ’ ಎಂಬ ಒಂದೇ ಹೆಸರಿನಡಿ ಹತ್ತು ಬಗೆಯ ಪಠ್ಯ ಅಡಗಿದ್ದರೆ ಆ ಹೆಸರಿನಿಂದ ಉಪಯೋಗವಿಲ್ಲ. ಒಂದು ಹೆಸರು ಒಂದೇ ಪಠ್ಯವನ್ನು ತೋರಿಸಬೇಕು.

ಈ ಕೊರತೆಯನ್ನು ಕಂಡವರು ಸುಮ್ಮನೆ ಕೂತಿರಲಿಲ್ಲ. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಬಳಗ 2012ರಲ್ಲಿ ಸ್ಥಿರಗೊಳಿಸಿದ ಹಕ್ಕುಸ್ವಾಮ್ಯ ಕಡತದ ನಮೂನೆಯಲ್ಲಿ ಪರವಾನಗಿಯ ಹೆಸರಿನ ಮುಂದೆ ವಿನಾಯಿತಿಯ ಹೆಸರು ಬರೆಯುವ ಪದ್ಧತಿ ಇದೆ. ಆದರೆ ಅದು ಹೆಸರು ಗೊತ್ತುಮಾಡಿದ್ದು ಫಾಂಟ್ ಮತ್ತು ಓಪನ್‌ಎಸ್‌ಎಸ್‌ಎಲ್ ಎಂಬ ಎರಡಕ್ಕೆ ಮಾತ್ರ. ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ 2011ರಲ್ಲಿ ಮೊದಲ ಆವೃತ್ತಿ ಕಂಡ ಎಸ್‌ಪಿಡಿಎಕ್ಸ್ ಎಂಬ ಮಾನದಂಡ ಇನ್ನೂ ಮುಂದೆ ಹೋಯಿತು. ಪ್ರತಿ ಪರವಾನಗಿಗೂ ಒಂದು ಗುರುತು, ಆ ಗುರುತಿಗೆ ತಕ್ಕ ನಿಶ್ಚಿತ ಪಠ್ಯ ಎಂಬುದು ಅದರ ತತ್ವ. ಆರಂಭದಲ್ಲಿ ಅದೂ ಎಡವಿತ್ತು. ಜಿಪಿಎಲ್ ಎರಡು ಕ್ಲಾಸ್‌ಪಾತ್ ಸಹಿತ, ಜಿಪಿಎಲ್ ಎರಡು ಫಾಂಟ್ ಸಹಿತ, ಜಿಪಿಎಲ್ ಮೂರು ಜಿಸಿಸಿ ಸಹಿತ ಎಂದು ಪ್ರತಿ ಜೋಡಿಯನ್ನೂ ಬೇರೆಯೇ ಪರವಾನಗಿ ಎಂದೆಣಿಸಿ ಒಂದೊಂದು ಹೆಸರಿಟ್ಟಿತ್ತು. ಪರವಾನಗಿ ಹತ್ತು, ವಿನಾಯಿತಿ ಹತ್ತು ಇದ್ದರೆ ಹೆಸರು ನೂರು ಬೇಕಾದಾವು. ಡಬ್ಲ್ಯುಎಕ್ಸ್‌ವಿಂಡೋಸ್ ಲೈಬ್ರರಿಯ ಪರವಾನಗಿಯಂತೂ ಹೊಸ ಹೆಸರು ತೊಟ್ಟು ಬಂದಿತ್ತು. ಅದನ್ನು ಕಂಡವರಿಗೆ ಯಾವುದೋ ಹೊಸ ಪರವಾನಗಿ ಎನ್ನಿಸಬೇಕು, ಪೂರ್ತಿ ಓದಿದ ಮೇಲಷ್ಟೇ ಎಲ್‌ಜಿಪಿಎಲ್‌ಗೆ ಒಂದು ವಿನಾಯಿತಿ ಕೂಡಿದೆ ಎಂದು ತಿಳಿಯಬೇಕು. 2015ರ ಎರಡನೇ ಆವೃತ್ತಿಯಲ್ಲಿ ಎಸ್‌ಪಿಡಿಎಕ್ಸ್ ಈ ಗಂಟನ್ನು ಬಿಡಿಸಿತು. ಪರವಾನಗಿಗಳದ್ದೊಂದು ಪಟ್ಟಿ, ವಿನಾಯಿತಿಗಳದ್ದೇ ಇನ್ನೊಂದು ಪಟ್ಟಿ, ನಡುವೆ ‘ವಿತ್’ ಎಂಬ ಕೊಂಡಿ. ‘ಜಿಪಿಎಲ್-2.0-ಓನ್ಲಿ ವಿತ್ ಕ್ಲಾಸ್‌ಪಾತ್-ಎಕ್ಸೆಪ್ಷನ್-2.0’ ಎಂದು ಬರೆದರೆ ಓದುವವನಿಗೆ ಎರಡು ಸಂಗತಿ ಒಮ್ಮೆಗೇ ಕಾಣುತ್ತವೆ. ನೆಲಗಟ್ಟು ಜಿಪಿಎಲ್, ಅದರ ಮೇಲೆ ಇಂಥದ್ದೇ ಒಂದು ಹೆಚ್ಚಿನ ಅನುಮತಿ. ಕಂಪ್ಯೂಟರೂ ಅದನ್ನು ಬಿಡಿಸಿ ಓದಬಲ್ಲದು.

ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆಯೇ ಎಂಬ ಸಂಶಯಕ್ಕೆ ಲಿನಕ್ಸ್ ಕರ್ನಲ್ ಉತ್ತರ ಕೊಟ್ಟಿದೆ. ಕರ್ನಲ್ ಜಿಪಿಎಲ್‌ನಡಿ ಇದೆ. ಅದರ ಮೇಲೆ ಓಡುವ ಪ್ರೋಗ್ರಾಮುಗಳು ಸಿಸ್ಟಮ್ ಕಾಲ್ ಎಂಬ ಕಿಟಕಿಯ ಮೂಲಕ ಅದರೊಂದಿಗೆ ಮಾತಾಡುತ್ತವೆ. ಹಾಗೆ ಮಾತಾಡುವುದರಿಂದ ಅವು ಕರ್ನಲ್‌ನಿಂದ ಹುಟ್ಟಿದ ಕೃತಿಗಳಾಗುವುದಿಲ್ಲ ಎಂದು ಕರ್ನಲ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಪರವಾನಗಿ ಕಡತದ ಆರಂಭದಲ್ಲೇ ಟಿಪ್ಪಣಿ ಹಾಕಿದ್ದರು. ಆದರೆ ಬಳಕೆದಾರ ಪ್ರೋಗ್ರಾಮುಗಳು ಸೇರಿಸಿಕೊಳ್ಳುವ ಹೆಡರ್ ಕಡತಗಳಲ್ಲಿ ನೂರಾರು ಕಡತಗಳ ಮೇಲೆ ಪರವಾನಗಿಯ ಸುಳಿವೇ ಇರಲಿಲ್ಲ. 2017ರ ನವೆಂಬರಿನಲ್ಲಿ, 4.14ನೇ ಆವೃತ್ತಿಯ ಹೊತ್ತಿಗೆ, ಗ್ರೆಗ್ ಕ್ರೋ-ಹಾರ್ಟ್‌ಮನ್, ಥಾಮಸ್ ಗ್ಲೈಕ್ಸ್‌ನರ್, ಕೇಟ್ ಸ್ಟೀವರ್ಟ್, ಫಿಲಿಪ್ ಒಂಬ್ರೆಡಾನ್ ಇವರ ಶ್ರಮದಿಂದ ಕರ್ನಲ್‌ನ 60 ಸಾವಿರದಷ್ಟು ಕಡತಗಳನ್ನು ಪರಿಶೀಲಿಸಲಾಯಿತು. ಪರವಾನಗಿಯ ಮಾತೇ ಇಲ್ಲದಿದ್ದ 11 ಸಾವಿರಕ್ಕೂ ಹೆಚ್ಚು ಕಡತಗಳಿಗೆ ಒಂದೊಂದು ಸಾಲಿನ ಗುರುತು ಬಂತು. ಹೊರಗಿನವರು ಬಳಸುವ ಹೆಡರ್‌ಗಳಿಗೆ ಬಂದ ಗುರುತಿನಲ್ಲಿ ‘ವಿತ್ ಲಿನಕ್ಸ್-ಸಿಸ್‌ಕಾಲ್-ನೋಟ್’ ಎಂಬ ಮಾತೂ ಇತ್ತು. ಟೊರ್ವಾಲ್ಡ್ಸ್ ಒಂದು ಕಡೆ ಬರೆದಿಟ್ಟ ಟಿಪ್ಪಣಿ ಹೀಗೆ ತಾನು ಅನ್ವಯಿಸುವ ಕಡತಗಳವರೆಗೂ ನಡೆದುಬಂತು. ಆ ಒಂದು ಸಾಲಿಗಾಗಿ ಕಡತಗಳನ್ನು ಒಂದೊಂದಾಗಿ ನೋಡಿದವರ ತಾಳ್ಮೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಇಷ್ಟಾದರೂ ಆಕ್ಷೇಪಗಳಿವೆ, ಅವು ಹಗುರವಾದವಲ್ಲ. ಚೀಟಿ ಕಾನೂನಲ್ಲ, ಪಠ್ಯವೇ ಕಾನೂನು ಎನ್ನುವವರು ಇದ್ದಾರೆ. ಒಪ್ಪಬೇಕಾದ ಮಾತು. ತಕರಾರು ಎದ್ದು ನ್ಯಾಯಾಲಯಕ್ಕೆ ಹೋದರೆ ನೋಡುವುದು ಹಕ್ಕುದಾರ ಬರೆದ ವಾಕ್ಯವನ್ನೇ. ಮುಕ್ತ ಪರವಾನಗಿಯ ಷರತ್ತುಗಳನ್ನು ಹಕ್ಕುಸ್ವಾಮ್ಯದ ಬಲದಿಂದಲೇ ಜಾರಿಗೊಳಿಸಬಹುದು ಎಂದು ಅಮೆರಿಕದ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ 2008ರಲ್ಲಿ, ಆಟಿಕೆ ರೈಲು ನಡೆಸುವ ಸಾಫ್ಟ್‌ವೇರಿನ ಜೇಕಬ್ಸನ್–ಕಾಟ್ಜರ್ ಮೊಕದ್ದಮೆಯಲ್ಲಿ ಹೇಳಿದೆ. ಷರತ್ತಿಗೆ ಅಷ್ಟು ತೂಕವಿದೆ ಎಂದಾದರೆ ಷರತ್ತಿನಿಂದ ಬಿಡುಗಡೆ ಕೊಡುವ ವಾಕ್ಯಕ್ಕೂ ಅಷ್ಟೇ ತೂಕವಿದೆ. ಆದರೆ ಸಾವಿರ ಲೈಬ್ರರಿಗಳನ್ನು ಸೇರಿಸಿ ಉತ್ಪನ್ನ ಕಟ್ಟುವ ಸಂಸ್ಥೆಯಲ್ಲಿ ಪ್ರತಿ ಪಠ್ಯವನ್ನೂ ಪ್ರತಿ ಸಲ ವಕೀಲರು ಓದುವುದಿಲ್ಲ. ಯಾವುದನ್ನು ಓದಬೇಕು, ಯಾವುದನ್ನು ಬಿಡಬಹುದು ಎಂಬ ಮೊದಲ ಜರಡಿ ಚೀಟಿಯ ಮೇಲೆಯೇ ನಡೆಯುತ್ತದೆ. ಜರಡಿಯ ತೂತು ಸರಿಯಿಲ್ಲದಿದ್ದರೆ ಪಠ್ಯ ಎಷ್ಟು ಸ್ಪಷ್ಟವಾಗಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ವಿನಾಯಿತಿ ಬಿಟ್ಟುಹೋದರೆ ನಷ್ಟವೇನು, ಎಚ್ಚರ ಹೆಚ್ಚಾಯಿತು ಅಷ್ಟೇ ತಾನೇ ಎಂಬುದು ಇದಕ್ಕಿಂತ ಬಲವಾದ ಆಕ್ಷೇಪ. ವಿನಾಯಿತಿ ಅನುಮತಿಯನ್ನು ಹೆಚ್ಚಿಸುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ, ಹಾಗಾಗಿ ಬರೀ ಜಿಪಿಎಲ್ ಎಂದು ನಂಬಿದವನು ಯಾವ ತಪ್ಪನ್ನೂ ಮಾಡಲಾರ ಎಂದು ಈ ವಾದ ಹೇಳುತ್ತದೆ. ಬಳಸುವವನ ದೃಷ್ಟಿಯಿಂದ ಮಾತ್ರ ನೋಡಿದರೆ ಇದು ಸರಿ ಎನ್ನಿಸುತ್ತದೆ. ಕೊಟ್ಟವನ ಕಡೆಯಿಂದ ನೋಡಿದರೆ ಹಾಗಲ್ಲ. ತನ್ನ ಲೈಬ್ರರಿ ಎಲ್ಲರಿಗೂ ದಕ್ಕಲಿ ಎಂದು ಲೇಖಕ ಬುದ್ಧಿಪೂರ್ವಕವಾಗಿ ಒಂದು ವಾಕ್ಯ ಬರೆದಿದ್ದಾನೆ; ಚೀಟಿ ಅಂಟಿಸಿದವನು ಆ ಕೊಡುಗೆಯನ್ನು ದಾರಿಯಲ್ಲೇ ತಡೆದಿಟ್ಟಂತಾಯಿತು. ಅನೇಕ ಕಂಪನಿಗಳು ತಮ್ಮ ಉತ್ಪನ್ನದಲ್ಲಿ ಜಿಪಿಎಲ್ ಲೈಬ್ರರಿಗಳನ್ನು ಒಳಗೇ ಬಿಡುವುದಿಲ್ಲ. ವಿನಾಯಿತಿ ಕಾಣದ ಚೀಟಿಯ ಮುಂದೆ ಆ ಬಾಗಿಲು ಮುಚ್ಚುತ್ತದೆ, ಇದ್ದ ಲೈಬ್ರರಿಯನ್ನು ಬಿಟ್ಟು ಹೊಸದನ್ನು ಬರೆಯುವ ಕೆಲಸ ಹೆಚ್ಚುತ್ತದೆ. ಅದಕ್ಕಿಂತ ಕೆಟ್ಟ ಪರಿಣಾಮ ಇನ್ನೊಂದಿದೆ. ಜಿಪಿಎಲ್ ಎಂದಿದ್ದದ್ದು ನಿಜವಾಗಿ ಹಾಗಿರಲಿಲ್ಲ ಎಂದು ನಾಲ್ಕಾರು ಸಲ ಕಂಡುಕೊಂಡವನು ಐದನೇ ಸಲ ನಿಜವಾದ ಜಿಪಿಎಲ್ ಎದುರಾದಾಗಲೂ ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾನೆ. ಜಿಪಿಎಲ್‌ನ ಮಾತಿಗೆ ಬೆಲೆ ಇರಬೇಕೆನ್ನುವವರೇ ಅದನ್ನು ಇಲ್ಲದ ಕಡೆ ಅಂಟಿಸುವುದನ್ನು ಮೊದಲು ವಿರೋಧಿಸಬೇಕು.

ಲಿಂಕ್ ಮಾಡಿದ ಮಾತ್ರಕ್ಕೆ ಹೊಸ ಕೃತಿ ಹುಟ್ಟುತ್ತದೆ ಎಂಬುದೇ ಕಾನೂನಿನಲ್ಲಿ ಇತ್ಯರ್ಥವಾಗಿಲ್ಲ, ಇನ್ನು ಅದಕ್ಕೆ ವಿನಾಯಿತಿ ಏಕೆ, ಆ ವಿನಾಯಿತಿಗೆ ಚೀಟಿ ಏಕೆ ಎಂದೂ ಕೇಳಬಹುದು. ಎಲ್ಲ ಸಂದರ್ಭಗಳಿಗೂ ಸಲ್ಲುವ ಉತ್ತರವನ್ನು ನ್ಯಾಯಾಲಯಗಳು ಇನ್ನೂ ಕೊಟ್ಟಿಲ್ಲ, ನಿಜ. ಇತ್ಯರ್ಥವಾಗದ ಕಡೆಯಲ್ಲೇ ಅಲ್ಲವೇ ಹಕ್ಕುದಾರನ ಲಿಖಿತ ಮಾತು ಬೇಕಾಗುವುದು? ಗಡಿ ಎಲ್ಲಿದೆ ಎಂದು ಸರ್ವೆಯವರು ಹೇಳಿಲ್ಲದಿದ್ದರೂ, ನಿಮ್ಮ ದನ ಈ ಕಡೆ ಬಂದರೆ ನಮ್ಮ ತಕರಾರಿಲ್ಲ ಎಂದು ಪಕ್ಕದ ಹೊಲದವನು ಬರೆದುಕೊಟ್ಟರೆ ನೆಮ್ಮದಿಯಾಗಿರಬಹುದು. ಅದನ್ನು ಬರೆದುಕೊಟ್ಟ ಕಾಗದ ಕೈಗೆ ಸಿಗುವಂತಿರಬೇಕು.

ವಿನಾಯಿತಿಗಳು ಮಿತಿಮೀರಿ ಹುಟ್ಟುತ್ತಿವೆ, ಹೆಸರು ಕೊಡುತ್ತಾ ಹೋದರೆ ಇನ್ನಷ್ಟು ಹುಟ್ಟುತ್ತವೆ ಎಂಬ ದೂರಿನಲ್ಲಿ ಸತ್ಯವಿದೆ. ಎಲ್‌ಜಿಪಿಎಲ್ ಸಾಕಾಗುವ ಕಡೆ ಹೊಸ ವಾಕ್ಯ ಬರೆಯಬಾರದು ಎಂಬುದು ನನ್ನದೂ ಅಭಿಪ್ರಾಯ. ಕುತೂಹಲದ ಸಂಗತಿ ಎಂದರೆ, ಎಲ್‌ಜಿಪಿಎಲ್‌ನ ಮೂರನೇ ಆವೃತ್ತಿಯೇ ಜಿಪಿಎಲ್‌ಗೆ ಕೆಲವು ಹೆಚ್ಚಿನ ಅನುಮತಿಗಳನ್ನು ಸೇರಿಸಿದ ಪಠ್ಯ. ಒಂದರ್ಥದಲ್ಲಿ ಅದೂ ಒಂದು ದೊಡ್ಡ ವಿನಾಯಿತಿ, ಒಳ್ಳೆಯ ಹೆಸರು ಸಿಕ್ಕಿದ್ದರಿಂದ ನೆಲೆ ಕಂಡದ್ದು. ಹೆಸರಿಡುವುದರಿಂದ ಹೊಸವು ಹುಟ್ಟುವುದಕ್ಕಿಂತ, ಈಗಾಗಲೇ ಇರುವುದನ್ನು ಹುಡುಕಿ ಬಳಸುವುದು ಸುಲಭವಾಗುತ್ತದೆ. ಎಲ್ಎಲ್‌ವಿಎಂ ಎಂಬ ಕಂಪೈಲರ್ ಯೋಜನೆ 2019ರಲ್ಲಿ ಅಪಾಚೆ ಪರವಾನಗಿಗೆ ತನ್ನ ವಿನಾಯಿತಿ ಸೇರಿಸಿಕೊಂಡ ಮೇಲೆ, ಬೇರೆ ಯೋಜನೆಗಳು ಅದನ್ನೇ ಹೆಸರು ಸಮೇತ ಎತ್ತಿಕೊಂಡಿವೆ. ಎಸ್‌ಪಿಡಿಎಕ್ಸ್‌ನ ಲೋಪ ಬೇರೆ ಕಡೆ ಇತ್ತು. ಪಟ್ಟಿಯಲ್ಲಿಲ್ಲದ ವಿನಾಯಿತಿಯನ್ನು ‘ವಿತ್’ ಮುಂದೆ ಬರೆಯಲು ಅದರಲ್ಲಿ ಬಹುಕಾಲ ದಾರಿಯೇ ಇರಲಿಲ್ಲ. 2024ರ ಮೂರನೇ ಆವೃತ್ತಿ ಅದಕ್ಕೊಂದು ಗುರುತು ಕೊಟ್ಟಿತು. ತಡವಾಯಿತು, ಆದರೆ ಆಯಿತು.

ಸ್ಕ್ಯಾನ್ ಮಾಡುವ ಯಂತ್ರಗಳಿವೆಯಲ್ಲ, ಅವೇ ಪಠ್ಯ ಹುಡುಕಿ ಹೇಳುತ್ತವೆ ಎಂಬ ಭರವಸೆಯನ್ನು ನಾನು ಪೂರ್ತಿ ನಂಬಲಾರೆ. ಯಂತ್ರ ಕಂಡದ್ದನ್ನು ಹೇಳುತ್ತದೆ. ಬರೆದವನ ಉದ್ದೇಶ ಅದಕ್ಕೆ ತಿಳಿಯದು. ಈ ವಿಷಯದಲ್ಲಿ ಉದ್ದೇಶಕ್ಕೆ ವಿಶೇಷ ಬೆಲೆಯಿದೆ. ಏಕೆಂದರೆ ವಿನಾಯಿತಿಯನ್ನು ಮುಂದಿನವರು ಕಳಚಬಹುದು. ಕ್ಲಾಸ್‌ಪಾತ್ ವಿನಾಯಿತಿಯಲ್ಲೇ ಆ ಮಾತಿದೆ: ನೀವು ಲೈಬ್ರರಿಯನ್ನು ಬದಲಿಸಿದರೆ ನಿಮ್ಮ ಆವೃತ್ತಿಗೂ ವಿನಾಯಿತಿ ಮುಂದುವರಿಸಬಹುದು, ಇಷ್ಟವಿಲ್ಲದಿದ್ದರೆ ಈ ವಾಕ್ಯವನ್ನು ಅಳಿಸಿ. ಜಿಪಿಎಲ್‌ನ ಮೂರನೇ ಆವೃತ್ತಿ ತನ್ನ ಏಳನೇ ವಿಧಿಯಲ್ಲಿ ಇದನ್ನು ಸಾಮಾನ್ಯ ನಿಯಮವನ್ನೇ ಮಾಡಿದೆ. ಒಂದೇ ಲೈಬ್ರರಿಯ ಎರಡು ಕವಲುಗಳು ಹೆಸರಿನಲ್ಲಿ ಒಂದೇ ಇದ್ದು, ಒಂದಕ್ಕೆ ವಿನಾಯಿತಿ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಕಡತದಲ್ಲಿ ವಾಕ್ಯ ಇಲ್ಲ ಎಂದರೆ ಅದು ಬೇಕೆಂದೇ ಅಳಿಸಿದ್ದೋ, ನಕಲು ಮಾಡುವಾಗ ಉದುರಿಹೋದದ್ದೋ ಎಂದು ಯಂತ್ರ ಹೇಗೆ ಹೇಳೀತು? ಜಿಪಿಎಲ್‌ನ ಆವೃತ್ತಿಯ ವಿಷಯದಲ್ಲೂ ಇದೇ ಗೊಂದಲವಿತ್ತು. ಬರೀ ‘ಜಿಪಿಎಲ್ 2’ ಎಂದರೆ ಎರಡು ಮಾತ್ರವೋ, ಎರಡು ಅಥವಾ ನಂತರದ್ದೋ ಗೊತ್ತಾಗುವುದಿಲ್ಲ, ಹಾಗೆ ಬರೆಯಬೇಡಿ ಎಂದು ಸ್ಟಾಲ್ಮನ್ ಅವರೇ ಕೇಳಿಕೊಂಡರು. ಎಸ್‌ಪಿಡಿಎಕ್ಸ್ ತನ್ನ ಪಟ್ಟಿಯ 3.0ನೇ ಆವೃತ್ತಿಯಲ್ಲಿ ‘ಓನ್ಲಿ’ ಮತ್ತು ‘ಆರ್-ಲೇಟರ್’ ಎಂದು ಎರಡು ಹೆಸರು ಮಾಡಿತು. ವಿನಾಯಿತಿಗೂ ಅದೇ ಶಿಸ್ತು ಬೇಕು. ಇಟ್ಟುಕೊಂಡವರು ‘ವಿತ್’ ಎಂದು ಬರೆಯಲಿ, ಕಳಚಿದವರು ಗುರುತಿನ ಸಾಲನ್ನೂ ತಿದ್ದಲಿ. ಆಗ ಮೌನಕ್ಕೆ ಅರ್ಥ ಹುಡುಕುವ ಕೆಲಸ ಉಳಿಯುವುದಿಲ್ಲ.

ಇದೆಲ್ಲ ನಮ್ಮಿಂದ ದೂರದ ಸಂಗತಿಯಲ್ಲ. ಸಾಫ್ಟ್‌ವೇರಿನೊಳಗೆ ಏನೇನಿದೆ ಎಂಬ ಸಾಮಗ್ರಿ ಪಟ್ಟಿಯನ್ನು, ಅಂದರೆ ಎಸ್‌ಬಿಒಎಮ್ ಅನ್ನು, ಇಟ್ಟುಕೊಳ್ಳಬೇಕೆಂದು ಷೇರುಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ತನ್ನ ವ್ಯಾಪ್ತಿಯ ಸಂಸ್ಥೆಗಳಿಗೆ ಹೇಳಿದೆ. ಅದೇ ವರ್ಷ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸಿಇಆರ್‌ಟಿ-ಇನ್ ಇಂಥ ಪಟ್ಟಿಗಳ ಬಗ್ಗೆ ತಾಂತ್ರಿಕ ಮಾರ್ಗಸೂಚಿ ಹೊರಡಿಸಿತು. ಇನ್ನು ಮುಂದೆ ಬೆಂಗಳೂರಿನ ಎಷ್ಟೋ ಕಚೇರಿಗಳಲ್ಲಿ ಯಾರಾದರೊಬ್ಬರು ಕೂತು ಪರವಾನಗಿಯ ಅಂಕಣ ತುಂಬಬೇಕಾಗುತ್ತದೆ. ಆ ಅಂಕಣದಲ್ಲಿ ವಿನಾಯಿತಿಗೆ ಜಾಗವಿಲ್ಲದಿದ್ದರೆ ಅಥವಾ ತುಂಬುವವರಿಗೆ ಅದರ ಅರಿವಿಲ್ಲದಿದ್ದರೆ, ತಪ್ಪು ಚೀಟಿ ಅಧಿಕೃತ ದಾಖಲೆಯಾಗಿ ಕೂರುತ್ತದೆ. ಕನ್ನಡದ ಮುಕ್ತ ಫಾಂಟುಗಳಿಗೂ ಇದು ಸಂಬಂಧಿಸಿದೆ. ಜಿಪಿಎಲ್‌ನಡಿ ಬಂದಿದ್ದ ಲೋಹಿತ್ ಕನ್ನಡ ಈಗ ಫಾಂಟುಗಳಿಗಾಗಿಯೇ ಬರೆದ ಒಎಫ್‌ಎಲ್ ಪರವಾನಗಿಯಲ್ಲಿದೆ. ಅದರಡಿ ಅಚ್ಚಾದ ಪುಸ್ತಕದ ಹಕ್ಕಿನ ಪ್ರಶ್ನೆ ಏಳುವುದೇ ಇಲ್ಲ. ಆದರೆ ಜಿಪಿಎಲ್ ಮೇಲಿನ ಪ್ರೀತಿಯಿಂದ ತಮ್ಮ ಹೊಸ ಅಕ್ಷರ ವಿನ್ಯಾಸವನ್ನು ಅದರಡಿ ಬಿಡುವವರು ಮುಂದೆಯೂ ಇರುತ್ತಾರೆ. ಅವರು ಫಾಂಟ್ ವಿನಾಯಿತಿಯನ್ನು ಸೇರಿಸಬೇಕು, ಸೇರಿಸಿದ್ದನ್ನು ಜೊತೆಗಿನ ಪರವಾನಗಿ ಕಡತದಲ್ಲಿ, ಫಾಂಟಿನೊಳಗಿನ ಮಾಹಿತಿಯಲ್ಲಿ, ಡೌನ್‌ಲೋಡ್ ಪುಟದಲ್ಲಿ ‘ವಿತ್ ಫಾಂಟ್-ಎಕ್ಸೆಪ್ಷನ್-2.0’ ಎಂದು ಬರೆಯಬೇಕು. ಆಗ ಆ ಅಕ್ಷರಗಳಲ್ಲಿ ಮೊದಲ ಕವನ ಸಂಕಲನ ಅಚ್ಚು ಹಾಕಲು ಹೊರಟ ಸಣ್ಣ ಪ್ರಕಾಶಕರು ವಕೀಲರ ಮನೆ ಬಾಗಿಲಿಗೆ ಹೋಗಬೇಕಾಗಿಲ್ಲ.